ಪ್ರಿನ್ಸಿಪಾಲರ ಹೊಸ್ತಿಲಿನ ಎತ್ತರ

ಮುಂಬಯಿಯ ರಸ್ತೆ ಬದಿಯಲ್ಲಿ ಏನು ಬೇಕಾದರೂ ಮಾಡಿ, ಯಾರೂ ತಿರುಗಿ ನೋಡುವುದಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಅದರ ಮೇಲೆ ದುರ್ಬೀನು ಕೂರಿಸಿದರೆ ಮಾತ್ರ ಯಾರಾದರೊಬ್ಬರು ಬಂದೇ ಬರುತ್ತಾರೆ. ನಾನು ಗೋರೆಗಾಂವ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ವೆ ಕಲಿಸುತ್ತೇನೆ. ನಮ್ಮ ಪ್ರಿನ್ಸಿಪಾಲರು ಕಂಪ್ಯೂಟರ್ ವಿಷಯದವರು. ಸರ್ವೆಯನ್ನೂ ಕಂಪ್ಯೂಟರ್‌ನಲ್ಲೇ ಕಲಿಸಿ, ಮಕ್ಕಳನ್ನು ಬಿಸಿಲಿಗೆ ಒಯ್ಯಬೇಡಿ ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ. ನಾನು ಪ್ರತಿ ಮೀಟಿಂಗಿನಲ್ಲೂ ತಲೆಯಾಡಿಸಿ, ಮರುದಿನ ಮಕ್ಕಳನ್ನು ಬಿಸಿಲಿಗೆ ಒಯ್ಯುತ್ತೇನೆ.

ಕತ್ತರಿಸಿದ ಸೀನು

ಒಮ್ಮೆ ಕಾಲೇಜಿನ ಹಿಂದಿನ ರಸ್ತೆಯ ಏರಿಳಿತ ಅಳೆಯುತ್ತಿದ್ದೆವು. ಕೆಲಸ ಸರಳ. ಒಬ್ಬರು ದುರ್ಬೀನಿನಲ್ಲಿ ನೋಡುತ್ತಾರೆ, ಇನ್ನೊಬ್ಬರು ದೂರದಲ್ಲಿ ಅಂಕಿ ಬರೆದ ಉದ್ದನೆಯ ಪಟ್ಟಿಯನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾರೆ. ದುರ್ಬೀನು ಇದ್ದ ಎತ್ತರದಲ್ಲೇ ಇರುತ್ತದೆ. ಹಾಗಾಗಿ ಪಟ್ಟಿ ನಿಂತ ನೆಲ ತಗ್ಗಿದಷ್ಟೂ ಅದರ ಮೇಲೆ ಕಾಣುವ ಅಂಕಿ ದೊಡ್ಡದಾಗುತ್ತದೆ. ಇದನ್ನು ನಂಬಿಸುವಷ್ಟರಲ್ಲಿ ನನ್ನ ಅರ್ಧ ಸೆಮಿಸ್ಟರ್ ಮುಗಿದಿರುತ್ತದೆ.

ಸಿನಿಮಾ ಸ್ಟುಡಿಯೋಗಳಿರುವ ಗೋರೆಗಾಂವ್‌ನಲ್ಲಿ ಸ್ಟ್ಯಾಂಡ್ ಕಂಡರೆ ಅದು ಶೂಟಿಂಗ್. ಸಫಾರಿ ತೊಟ್ಟ ಹಿರಿಯರೊಬ್ಬರು ಬಂದು, ತಲೆ ಬಾಚಿಕೊಂಡು, ತಾವು ಎಲ್ಲಿ ನಿಲ್ಲಬೇಕು ಎಂದು ಕೇಳಿದರು. ನಮಗೂ ಒಬ್ಬರು ಕಡಿಮೆ ಇದ್ದರು. ಪಟ್ಟಿ ಅವರ ಕೈಗೆ ಕೊಟ್ಟೆ. ನನ್ನ ಸರ್ವಿಸಿನಲ್ಲಿ ಅದನ್ನು ಅಷ್ಟು ನೆಟ್ಟಗೆ ಯಾರೂ ಹಿಡಿದಿಲ್ಲ. ಕೆಲವು ವಾರ ಬಿಟ್ಟು ಪ್ರಿನ್ಸಿಪಾಲರಿಗೆ ಅವರ ದೂರು ಬಂತು. ಎಲ್ಲ ಚಾನೆಲ್ ಹುಡುಕಿದರಂತೆ. ಯಾರದೋ ಹೊಟ್ಟೆಕಿಚ್ಚಿಗೆ ತಮ್ಮ ಸೀನನ್ನು ಕತ್ತರಿಸಿದ್ದಾರಂತೆ.

ತಲೆಕೆಳಗಾದ ಚಾಳು

ಇನ್ನೊಮ್ಮೆ ಜೋಗೇಶ್ವರಿಯಲ್ಲಿ, ಸಾಲು ಕೋಣೆಗಳಲ್ಲಿ ಹತ್ತಾರು ಸಂಸಾರಗಳಿರುವ ಒಂದು ಹಳೆಯ ಚಾಳಿನ ಮುಂದೆ ಸ್ಟ್ಯಾಂಡ್ ಇಟ್ಟೆವು. ಆ ಚಾಳನ್ನು ಕೆಡವಲು ಬಿಲ್ಡರ್ ಕಾದಿದ್ದಾನೆ ಎಂಬ ಸುದ್ದಿ ನಮಗೆ ಗೊತ್ತಿರಲಿಲ್ಲ. ವಿಜಯಪುರ ಕಡೆಯ ಅಜ್ಜಿಯೊಬ್ಬರು ಸ್ಟೂಲ್ ತಂದು ದುರ್ಬೀನಿಗೆ ಅಡ್ಡವಾಗಿ ಕುಳಿತರು. ನಾವು ಬಿಲ್ಡರ್ ಕಡೆಯವರಲ್ಲ ಎಂದು ಕನ್ನಡದಲ್ಲೇ ಹೇಳಿದೆ. ಬಿಲ್ಡರ್ ಕಡೆಯವರೂ ಹಾಗೇ ಹೇಳಿದ್ದರಂತೆ. ಕೊನೆಗೆ, ನೀವೇ ಒಮ್ಮೆ ನೋಡಿ ಎಂದು ಕರೆದೆ. ನಮ್ಮದು ಹಳೆಯ ಕಾಲದ ದುರ್ಬೀನು. ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ.

ಅಜ್ಜಿ ಬಹಳ ಹೊತ್ತು ನೋಡಿದರು. "ಏನಪಾ ಮಾಸ್ತರ, ಇನ್ನೂ ಕೆಡವಿಲ್ಲ, ಆಗಲೇ ಬುಡಮೇಲ ಮಾಡೀಯಲ್ಲೋ" ಎಂದರು.

ಒಳಗಿನ ಗಾಜಿನ ಗುಣ ಎಂದು ವಿವರಿಸಿದೆ. ಅವರು ಸ್ಟೂಲ್ ಎತ್ತಿಕೊಂಡರು. "ಇರ್ಲಿ. ಬಿಲ್ಡರ್ ಬಂದ್ರ ಇದರಾಗ ತೋರ್ಸು. ತಾನಾಗೇ ಓಡತಾನ."

ಚಾಳಿನ ಕಮಿಟಿಯವರಿಗೆ ಅಜ್ಜಿಯಷ್ಟು ಸಹನೆ ಇರಲಿಲ್ಲ. ಎರಡನೆಯ ದೂರು ಬಂತು. ಇನ್ನು ಗೇಟಿನ ಹೊರಗೆ ಆ ಸ್ಟ್ಯಾಂಡ್ ಕಂಡರೆ ಪ್ರಾಕ್ಟಿಕಲ್ಲೇ ಬಂದ್, ಎಲ್ಲ ಕಂಪ್ಯೂಟರ್‌ನಲ್ಲಿ ಎಂದು ಪ್ರಿನ್ಸಿಪಾಲರು ಆಜ್ಞೆ ಮಾಡಿದರು. ಗೇಟಿನ ಒಳಗೆ ಕಂಡರೆ ಏನು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅಂಕಿ

ಮರುದಿನ ಸ್ಟ್ಯಾಂಡ್ ಕಾಲೇಜಿನ ಅಂಗಳದಲ್ಲಿ ನಿಂತಿತು. ಆ ಬೇಸಿಗೆಯಲ್ಲಿ ಪ್ರಿನ್ಸಿಪಾಲರು ತಾವೇ ನಿಂತು ಅಂಗಳಕ್ಕೆಲ್ಲ ಹೊಸ ಕಲ್ಲು ಹಾಸಿಸಿದ್ದರು. ಮಕ್ಕಳು ಪಟ್ಟಿ ಇಟ್ಟ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಅಂಕಿ ಬರೆದರು. ಎಲ್ಲಕ್ಕಿಂತ ದೊಡ್ಡ ಅಂಕಿ ಬಿದ್ದದ್ದು ಪ್ರಿನ್ಸಿಪಾಲರ ಕ್ಯಾಬಿನ್ನಿನ ಹೊಸ್ತಿಲ ಮುಂದೆ.

ಮಧ್ಯಾಹ್ನ ಅವರು ಹೊರಬಂದು ಅಂಗಳವನ್ನೊಮ್ಮೆ ಸುತ್ತಿದರು. ಒಂದೊಂದೇ ಅಂಕಿ ಓದುತ್ತಾ ಬಂದು ತಮ್ಮ ಹೊಸ್ತಿಲಿನ ಮುಂದೆ ನಿಂತಾಗ ಮುಖ ಅರಳಿತು. "ಅಂದರೆ ನನ್ನ ಕ್ಯಾಬಿನ್ನೇ ಎಲ್ಲಕ್ಕಿಂತ ಎತ್ತರದಲ್ಲಿದೆ" ಎಂದರು.

ಅಂಕಿ ದೊಡ್ಡದಾದರೆ ನೆಲ ತಗ್ಗು ಎಂದರ್ಥ, ಹೊಸ್ತಿಲು ಎತ್ತರಿಸಬೇಕು ಎಂದೆ. ದೊಡ್ಡದು ಯಾವುದು, ಚಿಕ್ಕದು ಯಾವುದು ತಮಗೂ ಗೊತ್ತು ಎಂದು ಅವರು ನಕ್ಕರು. ಆ ವಾರವೇ ಕ್ಯಾಬಿನ್ನಿಗೆ ಹೊಸ ಕಾರ್ಪೆಟ್ ಬಂತು.

ಜೂನ್‌ನಲ್ಲಿ ಮೊದಲ ಮಳೆ ಬಿತ್ತು. ಅಂಗಳದ ನೀರೆಲ್ಲ, ಮೊದಲೇ ಅಪಾಯಿಂಟ್‌ಮೆಂಟ್ ಪಡೆದಂತೆ, ನೇರ ಕ್ಯಾಬಿನ್ನಿಗೆ ಹೋಯಿತು. ನನ್ನನ್ನು ಕರೆಸಿದರು. ಪ್ರಿನ್ಸಿಪಾಲರು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು, ಬೂಟು ಮೇಜಿನ ಮೇಲಿತ್ತು. ಇದಕ್ಕೆ ಏನಾದರೂ ಉಪಾಯ ಇದೆಯೇ ಎಂದು ಕೇಳಿದರು.

"ಕಂಪ್ಯೂಟರ್‌ನಲ್ಲಿ ಮಾಡಬಹುದು ಸರ್" ಎಂದೆ.

ಅವರು ಮೇಜಿನ ಮೇಲಿನ ಬೂಟನ್ನು ಇನ್ನಷ್ಟು ಒಳಗೆ ಸರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಾಳೆಯಿಂದ ಮಕ್ಕಳನ್ನು ಜೋಗೇಶ್ವರಿಗೆ ಕರೆದುಕೊಂಡು ಹೋಗಿ, ಮುಲುಂಡ್‌ಗೆ ಹೋಗಿ, ಎಲ್ಲಿಗಾದರೂ ಹೋಗಿ. ಈ ಗೇಟಿನ ಒಳಗೆ ಮಾತ್ರ ಏನನ್ನೂ ಅಳೆಯಬೇಡಿ."

ನಾನು ಮೀಟಿಂಗಿನಲ್ಲಿ ಆಡಿಸುವ ಹಾಗೆಯೇ ತಲೆಯಾಡಿಸಿದೆ.