ಬಲಗಿವಿಯ ಕೊಳಲು

ನಮ್ಮ ಮನೆಯಲ್ಲಿ ಟಿ.ವಿ. ಇದೆ. ಇದೆ ಎಂದರೆ ಗೋಡೆಯ ಮೇಲಿದೆ, ಕರೆಂಟ್ ಬಿಲ್ಲಿನಲ್ಲೂ ಇದೆ. ನನ್ನ ಪಾಲಿಗೆ ಮಾತ್ರ ಇಲ್ಲ. ಸಂಜೆ ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅದರಲ್ಲಿ ಒಂದು ಊರು ಕಾಣಿಸುತ್ತದೆ. ನಡುವೆ ಬಾವಿ, ಪಕ್ಕದಲ್ಲಿ ಛತ್ರ, ಒಂದೆರಡು ಕೋಳಿ, ಎಡಕ್ಕೂ ಬಲಕ್ಕೂ ನಡೆಯುವುದನ್ನೇ ಉದ್ಯೋಗ ಮಾಡಿಕೊಂಡ ಒಬ್ಬಳು ಅಜ್ಜಿ. ಬಾವಿಕಟ್ಟೆಯ ಬಳಿ ನೀಲಿ ಅಂಗಿಯ ವೀರನೊಬ್ಬ ಬೆನ್ನಿಗೆ ಕತ್ತಿ ಕಟ್ಟಿಕೊಂಡು ನಿಂತಿದ್ದಾನೆ. ಲೋಕೋದ್ಧಾರಕ್ಕೆ ಹೊರಟವನು. ಹೊರಡುವುದೇ ಇಲ್ಲ. ಅವನು ನಿಂತಿರುವಷ್ಟು ಹೊತ್ತೂ ಆ ಊರಿನ ಹಾಡು ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಇದು ಜಪಾನಿನವರು ಮಾಡಿದ ವಿಡಿಯೋ ಗೇಮು. ಆದರೆ ಆಡುವವರು ಯಾರೂ ಇಲ್ಲ. ನನ್ನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕಿಟಕಿ ಪರದೆ, ಯಾರದೋ ಬಿಗಿಯಾದ ಪ್ಯಾಂಟು ಸರಿ ಮಾಡುತ್ತಾ ಈ ಹಾಡು ಕೇಳುತ್ತಾಳೆ.

"ರೀ, ಸುದ್ದಿ ನೋಡ್ಬೇಕಾ?" ಎನ್ನುತ್ತಾಳೆ.

"ಬೇಡ" ಎನ್ನುತ್ತೇನೆ. (ಬೇಕು ಎಂದ ಗಂಡಸು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಬಂದು ದರ್ಶನ ಮಾಡಿ ಹೋಗುತ್ತೇನೆ.)

ಆ ಗೇಮು ಅವಳ ತಮ್ಮನದು. ನಾವು ಅವನನ್ನು ಮರಿ ಎಂದೇ ಕರೆಯುತ್ತಿದ್ದೆವು. ಗಡ್ಡ ಬಂದ ಮೇಲೂ ಮರಿಯೇ. ಶ್ವಾಸಕೋಶದ ಕಾಯಿಲೆ ಹತ್ತಿಸಿಕೊಂಡು, ದೊಡ್ಡಾಸ್ಪತ್ರೆಗೆ ಹತ್ತಿರವೆಂದು ನಮ್ಮ ಮನೆಗೆ ಬಂದ. ಬರುವಾಗ ಎರಡು ಜೊತೆ ಬಟ್ಟೆ, ಒಂದು ರಟ್ಟಿನ ಪೆಟ್ಟಿಗೆ ತುಂಬ ಟಿ.ವಿ.ಗೆ ಸಿಕ್ಕಿಸಿ ಗೇಮು ಆಡುವ ಕನ್ಸೋಲು, ಕ್ಯಾಸೆಟ್ಟು, ಡಿಸ್ಕು ತಂದಿದ್ದ. ಕಳೆದ ಚಳಿಗಾಲದಲ್ಲಿ ಹೋಗಿಬಿಟ್ಟ. ಬಟ್ಟೆಯನ್ನು ಯಾರಿಗೋ ಕೊಟ್ಟೆವು. ಪೆಟ್ಟಿಗೆ ಉಳಿಯಿತು. ಅವನು ಕೊನೆಯ ಸಲ ಆಟ ನಿಲ್ಲಿಸಿದ್ದು ಆ ಬಾವಿಯ ಬಳಿ. ಅವನಿದ್ದಾಗ ನಾನು ರಾತ್ರಿ ಅಂಗಡಿಗೆ ಬೀಗ ಹಾಕಿಯೇ ಮನೆಗೆ ಬರುತ್ತಿದ್ದೆ; ಅವನು ಹೋದ ಮೇಲೆ, ಇವಳೊಬ್ಬಳೇ ಇರುತ್ತಾಳಲ್ಲ ಎಂದು ಮಾಲೀಕರ ಕೈಕಾಲು ಹಿಡಿದು ಸಂಜೆಯೇ ಬರತೊಡಗಿದೆ. ಬಂದು ನೋಡಿದರೆ ಅವಳು ಒಬ್ಬಳೇ ಇರಲಿಲ್ಲ, ಜೊತೆಗೆ ಆ ಊರಿತ್ತು. ಒಂದು ಬಟನ್ ಒತ್ತಿ ಅದನ್ನು ಕರೆಯುವುದನ್ನು ಮಾತ್ರ ಅವಳು ಕಲಿತಿದ್ದಳು. ವೀರನನ್ನು ಒಂದು ಹೆಜ್ಜೆ ಮುಂದೆ ನಡೆಸಲು ಅವಳಿಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಮರಿಯ ಜೊತೆ ಅವನ ಬಳಗವೂ ನಮಗೆ ಬಳುವಳಿಯಾಗಿ ಬಂತು. ಬಸ್ ಕಂಡಕ್ಟರ್ ಒಬ್ಬ, ಔಷಧಿ ಅಂಗಡಿಯವನೊಬ್ಬ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರಮ್ಮ ಒಬ್ಬಳು. ಭಾನುವಾರ ಮಧ್ಯಾಹ್ನ ಬಂದು ಅವನ ಮಂಚದ ಸುತ್ತ ಕೂತು ಈ ಜಪಾನಿ ಗೇಮುಗಳ ಬಗ್ಗೆ ಶಾಸ್ತ್ರಾರ್ಥ ನಡೆಸುತ್ತಿದ್ದರು. ಮಂಚ ಖಾಲಿಯಾದ ಮೇಲೂ ಬರುವುದನ್ನು ಬಿಡಲಿಲ್ಲ. ಹೆಂಡತಿ ಬರಬೇಡಿ ಎನ್ನಲಿಲ್ಲ. ಬಿಸ್ಕತ್ತಿನ ಡಬ್ಬಿ ಮೊದಲಿಗಿಂತ ದೊಡ್ಡದು ತಂದಳು, ಅಷ್ಟೇ.

"ಸಂಗೀತ ಅಂದ್ರೆ ಹಳೇ ಕ್ಯಾಸೆಟ್ ಕನ್ಸೋಲಿಂದು" ಎನ್ನುತ್ತಾನೆ ಕಂಡಕ್ಟರ್. "ಎಂಟೇ ಎಂಟು ದನಿ. ಅಷ್ಟರಲ್ಲೇ ಸಮುದ್ರ, ಯುದ್ಧ, ಸಾವು ಎಲ್ಲಾ ಮಾಡಿ ತೋರ್ಸಿದಾರೆ."

"ಆ ಎಂಟರಲ್ಲಿ ನಿಮ್ಮ ಬಸ್ಸಿನ ಹಾರ್ನೂ ಸೇರಿತ್ತಾ?" ಎನ್ನುತ್ತಾಳೆ ಟೀಚರಮ್ಮ. "ಡಿಸ್ಕ್ ಬಂದ್ಮೇಲೆ ತಾನೆ ನಿಜವಾದ ಪಿಟೀಲು, ನಿಜವಾದ ಕೊಳಲು ಬಂದಿದ್ದು?"

"ಬಂತು, ಜೊತೆಗೆ ಲೋಡಿಂಗೂ ಬಂತು. ಒಂದು ಬಾಗಿಲು ತೆಗೆಯೋಷ್ಟರಲ್ಲಿ ನನ್ನ ಬಸ್ಸು ಕೊನೇ ಸ್ಟಾಪಿಗೆ ಹೋಗಿ ವಾಪಸ್ ಬಂದಿರುತ್ತೆ."

"ಜಗಳ ಯಾಕೆ? ಊಟಕ್ಕೆ ಮುಂಚೆ ಯುದ್ಧದ ಹಾಡು, ಊಟ ಆದ್ಮೇಲೆ ಊರಿನ ಹಾಡು" ಎಂದು ಔಷಧಿ ಅಂಗಡಿಯವನು ಚೀಟಿ ಬರೆದುಕೊಟ್ಟ ಹಾಗೆ ಹೇಳುತ್ತಾನೆ.

ಕೇಳಿ ಕೇಳಿ ನನಗೂ ಅಲ್ಪಸ್ವಲ್ಪ ಜ್ಞಾನೋದಯವಾಗಿತ್ತು. ಈ ಆಟಗಳಲ್ಲಿ ಜಗಳ ಸರದಿಯ ಪ್ರಕಾರ ನಡೆಯುತ್ತದೆ. ನೀವು ಯೋಚಿಸಿ ತೀರ್ಮಾನಿಸುವವರೆಗೆ ಎದುರಿನ ರಾಕ್ಷಸ ಸುಮ್ಮನೆ ಕಾಯುತ್ತಾನೆ. (ನನ್ನ ಸಂಸಾರದಲ್ಲಿ ನನ್ನ ಸರದಿ ಇನ್ನೂ ಬಂದಿಲ್ಲ.) ವೀರನಾದವನು ಯಾರ ಮನೆಗಾದರೂ ನುಗ್ಗಿ ಕಪಾಟು ತೆಗೆದು ಸಿಕ್ಕಿದ್ದನ್ನು ಜೇಬಿಗಿಳಿಸಬಹುದು, ಮನೆಯವರು ನಗುತ್ತಾ ನಿಂತಿರುತ್ತಾರೆ. ನಾನು ನನ್ನದೇ ಕಪಾಟಿನಲ್ಲಿ ಬಿಸ್ಕತ್ತು ತಡಕಿದರೆ ಆಗುವುದೇ ಬೇರೆ. ಇನ್ನು ಛತ್ರ. ಮೈತುಂಬ ಗಾಯವಾಗಿ ಇನ್ನೇನು ಸತ್ತ ಎನ್ನುವಂತಿದ್ದರೂ ಛತ್ರದಲ್ಲಿ ಒಂದು ರಾತ್ರಿ ಮಲಗಿದರೆ ಸಾಕು, ಬೆಳಿಗ್ಗೆ ಎಲ್ಲ ವಾಸಿ. ಇದನ್ನು ನನಗೆ ವಿವರಿಸಿದ್ದು ಮರಿ, ಆಸ್ಪತ್ರೆಯ ವಾರ್ಡಿನಲ್ಲಿ, ನಗುತ್ತಾ. "ಇಲ್ಲಿ ಎಷ್ಟು ರಾತ್ರಿ ಮಲಗಿದ್ರೂ ಆಗ್ತಿಲ್ಲ ನೋಡಿ ಭಾವ, ಛತ್ರ ಸರಿ ಇಲ್ಲ" ಎಂದಿದ್ದ. ಮುಂದೆ ಹೋಗೋಣ.

ಒಂದು ಭಾನುವಾರ, ಹೆಂಡತಿ ಟೀ ಮಾಡಲು ಒಳಗೆ ಹೋದಾಗ, ಟೀಚರಮ್ಮ ತಲೆ ಓರೆ ಮಾಡಿ ಟಿ.ವಿ.ಗೆ ಕಿವಿಗೊಟ್ಟಳು.

"ಭಾವ, ಈ ಹಾಡು ಅರ್ಧ ಮಾತ್ರ ಬರ್ತಿದೆ. ಕನ್ಸೋಲಿನ ಹಿಂದೆ ಬಿಳಿ ತಂತಿ ಎಡಗಿವಿದು, ಕೆಂಪು ತಂತಿ ಬಲಗಿವಿದು. ಬಲಗಿವಿ ಸತ್ತೇಹೋಗಿದೆ."

"ಒಳಗೆಲ್ಲೋ ಬೆಸುಗೆ ಬಿಟ್ಟಿದೆ" ಎಂದ ಔಷಧಿ ಅಂಗಡಿಯವನು. "ಮರಿಗೂ ಹೇಳಿದ್ವಿ. 'ಇರ್ಲಿ ಬಿಡ್ರೋ' ಅಂದ. ಪಾಪ, ಎದ್ದು ಕೂರೋದೇ ಕಷ್ಟವಾಗಿತ್ತು, ರಿಪೇರಿ ಯಾಕೆ ಬೇಕು ಅಂತ ನಾವೂ ಸುಮ್ನಾದ್ವಿ."

"ಆ ಹಾಡು ಬರೆದವರು ಎರಡು ಕಿವಿಗೆ ಅಂತ ಬರೆದಿರ್ತಾರೆ. ಹೀಗೆ ಕೇಳೋದು ಅವರಿಗೆ ಮಾಡೋ ಅವಮಾನ" ಎಂದ ಕಂಡಕ್ಟರ್. ಈ ಒಂದು ವಿಷಯದಲ್ಲಿ ಮೂವರೂ ಒಮ್ಮತದಿಂದಿದ್ದರು. ಆ ಮೂವರು ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ಹೆದರಲಿಲ್ಲ, ಏಕೆಂದರೆ ನನ್ನ ಕಸುಬು ಅಡ್ಡ ಬಂತು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಎಂದು ದಿನವಿಡೀ ಕೇಳುವ ಜಾಗ ಅದು. ಒಂದೇ ಗಾಜಿನ ಕನ್ನಡಕ ಹಾಕಿಕೊಂಡು ಗಿರಾಕಿ ಬೀದಿಗಿಳಿದರೆ ನನಗೆ ಅನ್ನ ಸೇರುವುದಿಲ್ಲ. ಇಲ್ಲಿ ನೋಡಿದರೆ ನನ್ನ ಸ್ವಂತ ಹೆಂಡತಿ ಚಳಿಗಾಲದಿಂದ ಒಂದೇ ಗಾಜಿನಲ್ಲಿ ಹಾಡು ಕೇಳುತ್ತಿದ್ದಾಳೆ! ಪೂರ್ತಿ ಹಾಡು ಕೇಳಿದರೆ ಮುಖ ಸ್ವಲ್ಪ ಅರಳೀತು ಎಂದುಕೊಂಡೆ. ಮರಿ ಹೋದ ಮೇಲೆ ಅವಳು ನನ್ನನ್ನು ಸರಿಯಾಗಿ ಬೈದೇ ಇರಲಿಲ್ಲ. ಅದು ನನಗೆ ನಿಜವಾಗಿಯೂ ಭಯ ಹುಟ್ಟಿಸಿತ್ತು.

ಅವಳು ಹೊಲಿದ ಪರದೆಗಳನ್ನು ಕೊಡಲು ಹೋದ ದಿನ ಮಹಾಕಾರ್ಯ ಜರುಗಿತು. ಔಷಧಿ ಅಂಗಡಿಯವನು ಬೆಸುಗೆ ಹಾಕುವ ಕಡ್ಡಿ ತಂದ. ಕಂಡಕ್ಟರ್ ಬ್ಯಾಟರಿ ಬೆಳಕು ಹಿಡಿದ. ಟೀಚರಮ್ಮ ಬಿಚ್ಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು. ಕನ್ನಡಕದ ಪುಟ್ಟ ಸ್ಕ್ರೂಡ್ರೈವರ್ ನನ್ನ ಕೊಡುಗೆ. ಎಲ್ಲ ಮುಗಿಸಿ ಹಾಡು ಹಾಕಿದರೆ, ಅಬ್ಬಾ! ಎಲ್ಲಿತ್ತೋ ಏನೋ, ಬಲಗಡೆಯಿಂದ ಒಂದು ಕೊಳಲು ಎದ್ದು ಬಂತು. ಕಂಡಕ್ಟರ್ ಕಣ್ಣೊರೆಸಿಕೊಂಡ. "ಇದನ್ನ ಮರಿ ಕೇಳ್ಬೇಕಿತ್ತು" ಎಂದ. ನಾನೂ ಹೌದೆಂದೆ. ಮೂವರನ್ನೂ ಕಳಿಸಿ, ಬಹುಮಾನ ವಿತರಣೆಗೆ ಕಾಯುವ ಮಗುವಿನಂತೆ ಕುರ್ಚಿಯ ತುದಿಯಲ್ಲಿ ಕೂತೆ.

ಅವಳು ಬಂದಳು, ಕೈಕಾಲು ತೊಳೆದಳು, ಬಟನ್ ಒತ್ತಿದಳು, ಯಂತ್ರದ ಮುಂದೆ ಕೂತಳು. ಹಾಡು ಶುರುವಾಯಿತು, ಯಂತ್ರವೂ ಶುರುವಾಯಿತು. ಕೊಳಲು ಬಂತು. ಯಂತ್ರ ನಿಂತಿತು.

"ಇದೇನಿದು?"

"ಕೊಳಲು!" ಎಂದೆ ಎದೆಯುಬ್ಬಿಸಿ. "ಇಷ್ಟು ದಿನ ನೀನು ಕೇಳ್ತಿದ್ದಿದ್ದು ಅರ್ಧ ಹಾಡು ಕಣೆ. ಬಲಗಿವಿ ಸರಿ ಮಾಡಿಸಿದ್ದೀನಿ."

"ಯಾರು ಹೇಳಿದ್ರು ನಿಮಗೆ ಸರಿ ಮಾಡಿಸಿ ಅಂತ?"

"ಯಾರೂ ಹೇಳ್ಲಿಲ್ಲ. ನಿಂಗೆ ಖುಷಿ ಆಗ್ಲಿ ಅಂತ..."

"ಅಲ್ಲಿ ಮರಿ ಸಿಳ್ಳೆ ಹಾಕ್ತಿದ್ದ ಕಣ್ರೀ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಟಿ.ವಿ.ಯ ಕಡೆ ನೋಡುತ್ತಲೇ ಹೇಳಿದಳು: "ಆ ತಂತಿ ಕೆಟ್ಟಾಗ, 'ಅಕ್ಕಾ, ಇಲ್ಲೊಂದು ಕೊಳಲು ಬರ್ಬೇಕು, ಅದಿಲ್ದೆ ಊರು ಬಿಕೋ ಅನ್ನುತ್ತೆ' ಅಂದ. ಅಂದು ಅವನೇ ಸಿಳ್ಳೆ ಹಾಕೋಕೆ ಶುರು ಮಾಡಿದ. ದಿನಾ ಸಂಜೆ ನಾನು ಹೊಲೀತಾ ಇರ್ತಿದ್ದೆ, ಅವನು ಆ ಮಂಚದ ಮೇಲೆ ಮಲ್ಕೊಂಡು ಸರಿಯಾಗಿ ಅದೇ ಜಾಗಕ್ಕೆ ಸಿಳ್ಳೆ. ಇವ್ರೆಲ್ಲ ಬಂದಾಗ ಹಾಕ್ತಿರ್ಲಿಲ್ಲ, ನಾಚ್ಕೆ. ನೀವು ಬರೋ ಹೊತ್ತಿಗೆ ಸುಸ್ತಾಗಿ ಮಲಗಿರ್ತಿದ್ದ."

"ನನಗೆ ಗೊತ್ತೇ ಇರ್ಲಿಲ್ಲ..."

"ನಾನು ಕೇಳ್ತಿದ್ದಿದ್ದು ಹಾಡಲ್ಲ. ಆ ಖಾಲಿ ಜಾಗ. ಅದು ಬಂದಾಗ ಅವನು ಅಲ್ಲೇ ಇದಾನೆ ಅನ್ಸೋದು. ಈಗ ಅಲ್ಲಿ ಬೇರೆ ಯಾರೋ ಬಂದು ಕೂತ್ಬಿಟ್ರಲ್ಲ."

ಆ ಜಾಗದಲ್ಲಿ ದಿನವೂ ಅವಳ ಯಂತ್ರ ನಿಲ್ಲುತ್ತಿದ್ದುದು ನನಗೆ ಆಗ ಹೊಳೆಯಿತು. ದಾರ ಬದಲಿಸುತ್ತಾಳೆ ಎಂದುಕೊಂಡಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಎದ್ದು ಕನ್ಸೋಲು ಆರಿಸಿ, ರಿಮೋಟನ್ನು ನನ್ನ ಕೈಗಿಟ್ಟು, "ಸುದ್ದಿ ನೋಡಿ" ಎಂದಳು. ಆ ವಾರವೆಲ್ಲ ಟಿ.ವಿ. ನನ್ನದಾಯಿತು. ಜಗತ್ತಿನಲ್ಲಿ ನಡೆದದ್ದೆಲ್ಲ ನನ್ನ ಮುಂದೆ ಸಾಲುಗಟ್ಟಿ ಹೋಯಿತು, ಒಂದೂ ತಲೆಗೆ ಹೋಗಲಿಲ್ಲ. ಅವಳು ಯಂತ್ರವನ್ನು ಒಳಕೋಣೆಗೆ ಎಳೆದುಕೊಂಡಿದ್ದಳು. ಅಲ್ಲಿ ಅದು ಎಲ್ಲೂ ನಿಲ್ಲದೆ ಒಂದೇ ಸಮನೆ ಓಡುತ್ತಿತ್ತು. ಅವಳು ಅದನ್ನು ಒಂದು ಸಲ ನಿಲ್ಲಿಸಲಿ ಎಂದು ಕಿವಿಗೊಟ್ಟು ಕೂರುತ್ತಿದ್ದೆ.

ಭಾನುವಾರ ಮೂವರೂ ತಲೆ ತಗ್ಗಿಸಿಕೊಂಡು ಬಂದರು. ನಾನು ಎಲ್ಲ ಹೇಳಿಬಿಟ್ಟಿದ್ದೆ.

"ಅಕ್ಕಾ, ಅದೇನು ಮಹಾ, ಕೆಂಪು ತಂತಿ ಕಿತ್ರೆ ಮೊದಲಿನ ಹಾಗೇ ಆಗುತ್ತೆ" ಎಂದು ಔಷಧಿ ಅಂಗಡಿಯವನು ತಂತಿ ಕಿತ್ತು ಹಾಡು ಹಾಕಿದ. ಅವಳು ಒಳಕೋಣೆಯ ಬಾಗಿಲಿಗೆ ಬಂದು ನಿಂತಳು. ಹಾಡು ಆ ಜಾಗಕ್ಕೆ ಬಂತು. ಅಲ್ಲಿ ಈಗ ಏನೂ ಇರಲಿಲ್ಲ.

"ಕೇಳ್ತಿದೆಯಲ್ಲಪ್ಪ" ಎಂದಳು.

"ಇಲ್ಲಕ್ಕ, ತಂತಿ ಕೈಲೇ ಇದೆ!"

"ನನಗೆ ಕೇಳ್ತಿದೆ. ಒಂದ್ಸಲ ಕೇಳಿದ್ದು ಹೇಗೆ ಹೋಗುತ್ತೆ? ಅವನ ಸಿಳ್ಳೆ ನೆನಪು ಮಾಡ್ಕೊಂಡ್ರೆ ಆ ಕೊಳಲೇ ಬರ್ತಿದೆ."

ಟೀಚರಮ್ಮ ಅಳತೊಡಗಿದಳು. ಅವಳು ಅಳುವುದನ್ನು ನೋಡಲಾರದೆ ನನ್ನ ಹೆಂಡತಿ ಒಂದು ಪರದೆ ತಂದು ನೆಲದ ಮೇಲೆ ಹರಡಿ, ತುಟಿಯ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅಂಚು ಮಡಚಿ ಚುಚ್ಚುತ್ತಾ ಕೂತಳು. ಹಾಡು ಸುತ್ತುತ್ತಲೇ ಇತ್ತು. ಏನಾದರೂ ಮಾಡಲೇಬೇಕಿತ್ತು, ಮಾಡಲು ಏನೂ ಇರಲಿಲ್ಲ. ಆ ಜಾಗ ಮತ್ತೆ ಬಂದಾಗ ನಾನು ತುಟಿ ಮುಂದೆ ಮಾಡಿ ಊದಿಬಿಟ್ಟೆ.

ಹುಟ್ಟಿದಾಗಿನಿಂದ ನನಗೆ ಸಿಳ್ಳೆ ಬಾರದು. ಬಂದದ್ದು ಬರೀ ಗಾಳಿ, ಜೊತೆಗೆ ಒಂದಿಷ್ಟು ಉಗುಳು. ಕಂಡಕ್ಟರ್ ಮುಖ ತಿರುಗಿಸಿಕೊಂಡ. ಮುಂದಿನ ಸುತ್ತಿಗೆ ಮತ್ತೆ ಊದಿದೆ, ಇನ್ನಷ್ಟು ಜೋರಾಗಿ. ಅವಳು ಬಾಯಿಂದ ಸೂಜಿಗಳನ್ನು ತೆಗೆದಳು.

"ಥೂ, ಗ್ಯಾಸ್ಕೆಟ್ ಹೋಗಿರೋ ಕುಕ್ಕರ್ ಥರ ಇದೆ. ಅವನು ಅಷ್ಟು ಬೇಗ ಶುರು ಮಾಡ್ತಿರ್ಲಿಲ್ಲ ರೀ. ಸ್ವಲ್ಪ ತಡ."

ತಡವಾಗಿ ಊದಿದೆ.

"ಅಯ್ಯೋ, ಅಷ್ಟು ತಡ ಅಲ್ಲ! ಸುಮ್ನಿರಿ, ಇಲ್ಲಿ ಕೇಳಿ."

ಕೇಳಿದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿಗೆ ಸಿಳ್ಳೆ ಹಾಕಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಹುಶಃ ಅವಳಿಗೂ. ಸಣ್ಣಗೆ, ನಡುಗುತ್ತಾ, ಒಂದು ಕೂದಲೆಳೆಯಷ್ಟು ತಡವಾಗಿ, ಅಲ್ಲಲ್ಲಿ ಶ್ರುತಿ ತಪ್ಪಿ ಅದು ಹೊರಟಿತು. ಮೂವರೂ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅರ್ಧಕ್ಕೆ ಬಂದು ಅವಳು ನಿಲ್ಲಿಸಿದಳು. ಹಾಡು ತಾನೊಂದೇ ಮುಂದೆ ಹೋಯಿತು.

"ಮುಂದಿಂದು?" ಎಂದೆ.

"ಇಲ್ಲಿಗೆ ಉಸಿರು ಮುಗೀತಿತ್ತು ಅವನಿಗೆ. ಕೊನೆಕೊನೆಗೆ ಇಷ್ಟೇ ಆಗ್ತಿದ್ದಿದ್ದು."

ನಾನು ಮೂರ್ಖ. ಉಳಿದದ್ದನ್ನು ನಾನಾದರೂ ಪೂರ್ತಿ ಮಾಡೋಣ ಎಂದು ತುಟಿ ಮುಂದೆ ಮಾಡಿದೆ.

"ಬೇಡ!" ಎಂದು ಗದರಿದಳು. ಎಷ್ಟೋ ತಿಂಗಳ ಮೇಲೆ ಸಿಕ್ಕ ಮೊದಲ ಗದರಿಕೆ. "ಅದನ್ನ ಯಾರೂ ತುಂಬಬಾರ್ದು. ನಿಮ್ಮನ್ನ ನಂಬೋ ಹಾಗಿಲ್ಲ, ಬಾಯಿ ಕೊಡಿ ಇಲ್ಲಿ." ಗುಂಡುಸೂಜಿಗಳನ್ನು ಒಂದೊಂದಾಗಿ ನನ್ನ ತುಟಿಗಳ ನಡುವೆ ಸಿಕ್ಕಿಸಿದಳು. "ಕಚ್ಕೊಂಡು ಕೂತಿರಿ. ಬೇಕಾದಾಗ ತಗೋತೀನಿ."

ಅಂದಿನಿಂದ ಸಂಜೆಯ ಹೊತ್ತು ನನ್ನ ಹುದ್ದೆ ಇದೇ. ಟಿ.ವಿ. ಮೊದಲೇ ಹೋಗಿತ್ತು, ಈಗ ಬಾಯಿಯೂ ಹೋಯಿತು. ಅವಳು ಅಂಚು ಮಡಚುತ್ತಾಳೆ, ಸೂಜಿ ತೆಗೆದುಕೊಳ್ಳುತ್ತಾಳೆ, ಆ ಜಾಗ ಬಂದಾಗ ಅರ್ಧದವರೆಗೆ ಸಿಳ್ಳೆ ಹಾಕಿ ನಿಲ್ಲಿಸುತ್ತಾಳೆ. ಉಳಿದ ಅರ್ಧವನ್ನು ನಾವಿಬ್ಬರೂ ಸುಮ್ಮನೆ ಕೂತು ಕೇಳುತ್ತೇವೆ. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಅಳುವುದು ಸುಲಭವಲ್ಲ. ತುಟಿ ಒಂದಿಷ್ಟೂ ಅಲುಗಬಾರದು. ದಿನವೂ ಮಾಡಿ ಮಾಡಿ ಈಗ ನನಗೆ ಚೆನ್ನಾಗಿ ರೂಢಿಯಾಗಿದೆ.