ಮುನಿರಾಜರ ಬಿಸಿಗಾಳಿ ಹೋದ ದಾರಿ

ಬಿಸಿ ಮಾಯವಾಗುವ ವಸ್ತುವಲ್ಲ. ಒಂದು ಕಡೆ ತಂಪು ಮಾಡಿದರೆ ಅದು ಇನ್ನೊಂದು ಕಡೆ ಹೋಗಿ ಕೂರುತ್ತದೆ. ಫ್ರಿಜ್ಜಿನ ಹಿಂದೆ ಬಿದ್ದ ಚಮಚ ಹೆಕ್ಕಲು ಒಮ್ಮೆ ಕೈ ಹಾಕಿದವರಿಗೆಲ್ಲ ಇದು ಗೊತ್ತಿರಬೇಕು. ವೇಣೂರಿನ ಮುನಿರಾಜರಿಗಂತೂ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ನಕ್ಕು ಬಿಟ್ಟುಬಿಡಬಹುದಿತ್ತು.

ಮುನಿರಾಜರದು ಮದುವೆ ವೀಡಿಯೋದ ಕಸುಬು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾವ ಸಭಾಭವನದಲ್ಲಿ ವಾಲಗ ಊದಿದರೂ ಅಲ್ಲಿ ಅವರ ಕ್ಯಾಮರಾ ಇರುತ್ತದೆ. ಮನೆಗೆ ಬಂದು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಕತ್ತರಿಸಿ, ಅಂಟಿಸಿ, ಕೊನೆಗೆ ತಮ್ಮದೇ ಗಂಭೀರ ಕಂಠದಲ್ಲಿ “ಎರಡು ಹೃದಯಗಳ ಮಧುರ ಮಿಲನ” ಎಂದು ಧ್ವನಿ ಸೇರಿಸುತ್ತಾರೆ. ಇದಕ್ಕೆಂದೇ ಅವರು ಮನೆಯ ಊಟದ ಕೋಣೆಯನ್ನು ವಶಪಡಿಸಿಕೊಂಡು ‘ಸ್ಟುಡಿಯೋ’ ಎಂದು ಬೋರ್ಡು ತೂಗುಹಾಕಿದ್ದರು. ಮನೆಯವರ ಊಟ ಜಗಲಿಗೆ ವರ್ಗವಾಯಿತು. ಅಡುಗೆಮನೆಯಿಂದ ಪಾತ್ರೆ ದಾಟಿಸಲೆಂದು ಮೇಸ್ತ್ರಿ ನಡುಗೋಡೆಯಲ್ಲಿ ಬಿಟ್ಟಿದ್ದ ಒಂದು ಕಿಂಡಿ ಮಾತ್ರ ಹಾಗೆಯೇ ಉಳಿಯಿತು. (ಅದನ್ನು ಆಗಲೇ ಮುಚ್ಚಿಸಿದ್ದರೆ ಮುನಿರಾಜರ ಮಾನ ಉಳಿಯುತ್ತಿತ್ತು.)

ಕಂಪ್ಯೂಟರಿನ ಹೊಟ್ಟೆಯೊಳಗೆ ಚಿತ್ರದ ಕೆಲಸವನ್ನೆಲ್ಲ ಹೊರುವುದು ಗ್ರಾಫಿಕ್ಸ್ ಕಾರ್ಡು. ಮುನಿರಾಜರ ಹಳೆಯ ಕಾರ್ಡಿಗೆ ಇದ್ದದ್ದು ಒಂದೇ ಫ್ಯಾನು. ಕೆಲಸ ಹೆಚ್ಚಾದಂತೆ ಅದು ಅಕ್ಕಿ ಮಿಲ್ಲಿನಂತೆ ಬೊಬ್ಬಿಡುತ್ತಿತ್ತು. “ಮಧುರ ಮಿಲನ”ದ ಹಿಂದೆ ಭರ್ರೋ ಎಂಬ ನಾದ ಬಿಡದೆ ಸೇರಿಕೊಳ್ಳುತ್ತಿತ್ತು. ಬಂಟ್ವಾಳದ ಗಿರಾಕಿಯೊಬ್ಬರು, “ನಮ್ಮ ಮದುವೆಗೆ ಜನರೇಟರ್ ತಂದಿರಲೇ ಇಲ್ಲವಲ್ಲ?” ಎಂದು ಕೇಳಿದ ದಿನ ಮುನಿರಾಜರು ಶಪಥ ಮಾಡಿದರು: ಈ ಮನೆಯಲ್ಲಿ ಇನ್ನು ಮುಂದೆ ನಿಶ್ಶಬ್ದವೇ ಪರಮಧರ್ಮ.

ಶಪಥದ ಮೊದಲ ಬಲಿ ಮಿಕ್ಸಿ. ಧ್ವನಿಮುದ್ರಣದ ಹೊತ್ತಿಗೆ ಅದನ್ನು ಮುಟ್ಟುವಂತಿಲ್ಲ. ಕುಕ್ಕರಿನ ಸೀಟಿಗೂ ನಿರ್ಬಂಧ ಬಂತು. ಅಡುಗೆಮನೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಡಿ ಎಂಬ ಹೆಂಡತಿ ಪ್ರಭಾವತಿಯವರ ಬಹುಕಾಲದ ಅರ್ಜಿ ಮತ್ತೊಮ್ಮೆ ತಿರಸ್ಕೃತವಾಯಿತು. “ಅದು ಇಡೀ ದಿನ ಗೊರ್ ಅಂತ ಇರ್ತದೆ ಮಾರಾಯ್ತಿ. ಮೈಕು ಎಲ್ಲ ಎಳೆದುಕೊಳ್ತದೆ.” ಸೀಲಿಂಗ್ ಫ್ಯಾನ್ ಆದರೂ ಆದೀತು ಎಂದರೆ, “ಗ್ಯಾಸಿನ ಬೆಂಕಿ ಆರಿಹೋಗ್ತದೆ.” ಉತ್ತರಗಳ ವಿಷಯದಲ್ಲಿ ಮುನಿರಾಜರು ಎಂದೂ ಬಡವರಲ್ಲ.

ಆಮೇಲೆ ಸಂಶೋಧನೆ ಆರಂಭವಾಯಿತು. ಯಾವ ಕಾರ್ಡಿನ ರೆಕ್ಕೆ ಹೇಗೆ ಬಾಗಿದೆ, ಯಾವುದರಲ್ಲಿ ತಾಮ್ರದ ಕೊಳವೆ ದಪ್ಪ, ಯಾವುದರ ಫ್ಯಾನು ಕೆಲಸವಿಲ್ಲದಾಗ ತಾನಾಗಿ ನಿಲ್ಲುತ್ತದೆ ಎಂದು ತಮಗೆ ಬಾರದ ಭಾಷೆಯ ವೀಡಿಯೋಗಳನ್ನೂ ಅವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ನೋಡಿದರು.

“ಎಂತ ಕೇಳಿಸ್ತದೆ ಅದರಲ್ಲಿ?” ಎಂದರು ಪ್ರಭಾವತಿ.

“ಏನೂ ಕೇಳಿಸುವುದಿಲ್ಲ.”

“ಮತ್ತೆ ಯಾಕೆ ಕೇಳ್ತಾ ಇದ್ದೀರಿ?”

“ಕೇಳಿಸುವುದಿಲ್ಲವಾ ಅಂತ ಕೇಳ್ತಾ ಇದ್ದೇನೆ!”

ಪ್ರಭಾವತಿ ಸದ್ದಾಗದಂತೆ ಕಾಲಿಟ್ಟು ಅಡುಗೆಮನೆಗೆ ಹೋದರು. ಹೇಗೂ ನಿಶ್ಶಬ್ದ ಬೇಕಾಗಿತ್ತಲ್ಲ.

ಪಾಣೆಮಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಿಝಾರ್ ಮುನಿರಾಜರ ಹಳೆಯ ಸ್ನೇಹಿತ. ಅಂಗಡಿಯ ಫ್ಯಾನ್ ಆರಿಸಿ, ಬಾಗಿಲು ಎಳೆದುಕೊಂಡು, ಮುನಿರಾಜರು ಒಂದೊಂದು ಕಾರ್ಡಿಗೂ ಡಾಕ್ಟರರಂತೆ ಕಿವಿ ಕೊಟ್ಟರು. ನಿಝಾರ್ ಬೆವರು ಒರೆಸಿಕೊಳ್ಳುತ್ತ ವಿವರಿಸಿದ.

“ನೋಡಿ ಮುನಿರಾಜಣ್ಣ, ಒಂಟಿ ಫ್ಯಾನಿನದ್ದು ಬಿಸಿಯನ್ನು ಸೀದಾ ಪೆಟ್ಟಿಗೆಯಿಂದ ಹೊರಗೆ ದೂಡ್ತದೆ, ಆದರೆ ಬೊಬ್ಬೆ ಹಾಕ್ತದೆ. ಈ ಮೂರು ಫ್ಯಾನಿನದ್ದಕ್ಕೆ ಬೊಬ್ಬೆ ಇಲ್ಲ, ಬಿಸಿಯನ್ನು ಮಾತ್ರ ಪೆಟ್ಟಿಗೆಯ ಒಳಗೇ ಬಿಡ್ತದೆ. ಪೆಟ್ಟಿಗೆಯ ಹಿಂದೆ ಬೇರೆ ಫ್ಯಾನ್ ಇಟ್ಟು ಅದನ್ನು ಹೊರಗೆ ಕಳಿಸಬೇಕು.”

“ಒಟ್ಟು ಬಿಸಿ ಕಡಿಮೆ ಆಗುವುದಿಲ್ಲವಾ?”

“ಬಿಸಿ ಅಷ್ಟೇ ಅಣ್ಣ. ಎಲ್ಲಿಗೆ ಕಳಿಸ್ತೇವೆ ಅನ್ನುವುದು ಮಾತ್ರ ನಮ್ಮ ಕೈಯಲ್ಲಿ.”

ಮೂರು ಫ್ಯಾನಿನ ಕಾರ್ಡು ವೇಣೂರಿಗೆ ಬಂತು. ಆಹಾ, ಏನು ಮೌನ! ಆದರೆ ಪಗ್ಗು ತಿಂಗಳ ನಡುಬೇಸಿಗೆಯ ಸೆಕೆಯಲ್ಲಿ ಪೆಟ್ಟಿಗೆಯಿಂದ ಹೊರಬಂದ ಬಿಸಿ ಮುನಿರಾಜರ ಕಾಲಿನ ಸುತ್ತಲೇ ಸುಳಿದಾಡತೊಡಗಿತು. ಕಿಟಕಿ ತೆರೆದರೆ ಬಸ್ಸುಗಳ ಹಾರ್ನ್. ಅವರು ಕೋಣೆಯ ನಾಲ್ಕು ಗೋಡೆಗಳನ್ನೂ ವಾಸ್ತುತಜ್ಞರಂತೆ ದಿಟ್ಟಿಸಿದರು. ಕಿಂಡಿ ಕಂಡಿತು. ಪೆಟ್ಟಿಗೆಯ ಬೆನ್ನನ್ನು ಕಿಂಡಿಗೆ ಸರಿಯಾಗಿ ಆನಿಸಿ, ಸುತ್ತ ರಟ್ಟು ಕತ್ತರಿಸಿ ಅಂಟಿಸಿದರು. ಬಿಸಿಯೆಲ್ಲ ಹೊರಗೆ ಹೋಯಿತು. ಗಂಡಸರ ಭೂಗೋಳದಲ್ಲಿ ಅಡುಗೆಮನೆ ‘ಹೊರಗೆ’ ಇರುತ್ತದೆ.

ಒಂದು ಸಣ್ಣ ತೊಂದರೆ ಆಗಾಗ ಬರುತ್ತಿತ್ತು. ಅಡುಗೆಮನೆಯ ಕಡೆಯಿಂದ ಒಂದು ಹರಿವಾಣ ಕಿಂಡಿಗೆ ಅಡ್ಡವಾಗಿ ನಿಂತಿರುತ್ತಿತ್ತು. ಮುನಿರಾಜರು ಪ್ರತಿ ಸಲ ಹೋಗಿ ಅದನ್ನು ತೆಗೆದಿಟ್ಟು, “ಗಾಳಿಗೆ ಅಡ್ಡ ಇಡಬೇಡ, ಕಾರ್ಡು ಬಿಸಿಯಾಗ್ತದೆ,” ಎಂದು ತಿಳಿಹೇಳಿ ಬರುತ್ತಿದ್ದರು. ಮರುದಿನ ಹರಿವಾಣ ಮತ್ತೆ ಅಲ್ಲೇ. ಎಷ್ಟು ಹೇಳಿದರೂ ಈ ಹೆಂಗಸಿಗೆ ವಿಜ್ಞಾನ ತಲೆಗೆ ಹೋಗುವುದಿಲ್ಲವಲ್ಲ ಎಂದು ಅವರಿಗೆ ಕನಿಕರ.

ಇಲ್ಲಿ ಈ ಮನೆಯ ಗಡಿಯಾರದ ವಿಚಾರ ಹೇಳಬೇಕು. ಇವರು ಜೈನರು, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ಉಳಿದವರ ಮನೆಯಲ್ಲಿ ಚಹಾ ಕುಡಿದು ಗಾಳಿಗೆ ಕೂರುವ ಹೊತ್ತಿನಲ್ಲಿ, ಪಡುವಣ ಗೋಡೆ ಕಾದು ಹಂಚಾಗಿರುವಾಗ, ಪ್ರಭಾವತಿ ರಾತ್ರಿಯ ಅಡುಗೆಗೆ ಒಲೆ ಹಚ್ಚುತ್ತಾರೆ. ಮುನಿರಾಜರು ಮದುವೆಯ ವೀಡಿಯೋದ ತುಂಡುಗಳನ್ನೆಲ್ಲ ಒಂದು ಮಾಡಲು ಕಂಪ್ಯೂಟರನ್ನು ಅರೆಯಲು ಬಿಡುವುದೂ ಅದೇ ಹೊತ್ತಿಗೆ. ಒಂದು ಕಡೆಯಿಂದ ಒಲೆ, ಒಂದು ಕಡೆಯಿಂದ ಸೂರ್ಯ, ಕಿಂಡಿಯಿಂದ ನವದಂಪತಿಗಳು.

ಅದೇ ಸುಮಾರಿಗೆ ಪ್ರಭಾವತಿ ಸಂಜೆಯ ಊಟ ಬಿಟ್ಟರು. ಮುನಿರಾಜರು ಅದನ್ನು ಗಮನಿಸಿದರು. (ಗಮನಿಸಲಿಲ್ಲ ಎಂದು ಅವರ ಮೇಲೆ ಸುಳ್ಳು ಆರೋಪ ಹೊರಿಸಬಾರದು.) ಗಮನಿಸಿ, ಬಸದಿಯಲ್ಲಿ ಹತ್ತು ಜನರೆದುರು ಹೇಳಿದರು: “ನಮ್ಮವಳು ಏಕಭುಕ್ತ ಹಿಡಿದಿದ್ದಾಳೆ. ದಿನಕ್ಕೆ ಒಂದೇ ಊಟ. ದೊಡ್ಡ ಜೀವ!” ಜನ ತಲೆದೂಗಿದರು. ಹಿರಿಯ ಹೆಂಗಸೊಬ್ಬರು ಪ್ರಭಾವತಿಯವರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಇಂಥ ಹೆಂಡತಿಯನ್ನು ಪಡೆದವರು ಎಂಬ ಗೌರವದಲ್ಲಿ ಮುನಿರಾಜರಿಗೂ ಒಂದು ಪಾಲು ಸಿಕ್ಕಿತು.

ಹೀಗಿರುವಾಗ ಒಂದು ಸಂಜೆ ನಿಝಾರ್, ಮೂಡುಬಿದಿರೆಗೆ ಹೋಗಿದ್ದವನು, ಹಿಂದಿರುಗುವಾಗ ಕಾರ್ಡು ಹೇಗಿದೆ ನೋಡುವ ಎಂದು ಬಂದ. ಮುನಿರಾಜರಿಗೆ ಪ್ರೇಕ್ಷಕರು ಸಿಕ್ಕಂತಾಯಿತು. ಕಾಲೇಜಿನಿಂದ ಬಂದು ಮೊಬೈಲು ಹಿಡಿದು ಕುಳಿತಿದ್ದ ಮಗಳು ಸಾಧನಾಳನ್ನೂ ಕರೆದರು.

“ಗಾಳಿಯ ಸಂಚಾರವನ್ನು ಕಣ್ಣಾರೆ ತೋರಿಸ್ತೇನೆ. ಒಂದು ಊದುಬತ್ತಿ ಹಚ್ಚು ಮಗಾ.”

ಊದುಬತ್ತಿಯ ಹೊಗೆ ಪೆಟ್ಟಿಗೆಯ ಮುಂಬದಿಯಿಂದ ಒಳನುಗ್ಗಿತು. ಕಾರ್ಡಿನ ಮೂರು ಫ್ಯಾನುಗಳ ಸುತ್ತ ಸುಳಿಯಿತು. ಹಿಂಬದಿಯಿಂದ ಜಾರಿ ಕಿಂಡಿಯೊಳಗೆ ಮಾಯವಾಯಿತು. “ನೋಡಿದೆಯಾ! ಇಲ್ಲಿ ಒಂದು ಎಳೆ ಹೊಗೆಯೂ ಉಳಿಯಲಿಲ್ಲ!” ಮುನಿರಾಜರು ಕಂಬಳದಲ್ಲಿ ಗೆದ್ದ ಕೋಣದ ಯಜಮಾನನಂತೆ ನಿಂತರು.

ಸಾಧನಾ ಮಾತ್ರ ಅಡುಗೆಮನೆಯ ಬಾಗಿಲಿಗೆ ಹೋಗಿ ಇಣುಕಿದಳು. “ಅಪ್ಪ, ಅದು ಅಮ್ಮನ ಮುಖಕ್ಕೆ ಹೋಗ್ತಾ ಉಂಟು.”

ಇಬ್ಬರೂ ಬಂದು ನೋಡಿದರು. ತಲೆಗೆ ಮೈಯೊರೆಸುವ ಬೈರಾಸು ಸುತ್ತಿಕೊಂಡು, ಬೆವರಿನಿಂದ ರವಕೆ ಬೆನ್ನಿಗಂಟಿ, ಒಂದು ಕೈಯಲ್ಲಿ ಸೌಟು ಇನ್ನೊಂದರಲ್ಲಿ ಹಳೆಯ ಕ್ಯಾಲೆಂಡರಿನ ರಟ್ಟು ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದ ಪ್ರಭಾವತಿಯವರ ಸುತ್ತ ಹೊಗೆ ಬಳುಕುತ್ತಿತ್ತು. ಅವರು ತಿರುಗಿ ನೋಡಿದರು.

“ಊದುಬತ್ತಿ ಯಾಕೆ? ನಾನಿನ್ನೂ ಸತ್ತಿಲ್ಲ.”

ನಿಝಾರ್ ತನ್ನ ಚಪ್ಪಲಿ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದ. ಮುನಿರಾಜರು ಸ್ನೇಹಿತನೆದುರು ಮರ್ಯಾದೆ ಉಳಿಸಿಕೊಳ್ಳಲು ನಕ್ಕರು. ಅವರ ಜೀವಮಾನದ ದೊಡ್ಡ ತಪ್ಪು ಮಾತು ಆಗ ಹೊರಬಿತ್ತು.

“ಹಾಗಾದರೆ ಒಂದು ಗಳಿಗೆ ಈಚೆ ಬಾ. ಇಲ್ಲಿ ಎಷ್ಟು ತಂಪು ಉಂಟು ಅಂತ ನೋಡು.”

ಪ್ರಭಾವತಿ ಬಂದರು. ಮುನಿರಾಜರ ತಿರುಗುವ ಕುರ್ಚಿಯಲ್ಲಿ ಕುಳಿತರು. ಕಣ್ಣು ಮುಚ್ಚಿದರು. “ಹೌದು. ಒಳ್ಳೆ ತಂಪು ಉಂಟು,” ಎಂದರು. ಏಳಲಿಲ್ಲ.

“ಒಲೆಯ ಮೇಲೆ ಪದಾರ್ಥ ಉಂಟಲ್ಲವಾ?” ಮುನಿರಾಜರು ಅಡುಗೆಮನೆಯ ಕಡೆ ಕೈ ತೋರಿಸಿ ಕೇಳಿದರು.

“ಉಂಟು. ಸೌತೆಕಾಯಿ ಬೇಯ್ತಾ ಉಂಟು, ಅಲಸಂಡೆ ಹೆಚ್ಚಿ ಇಟ್ಟದ್ದು ಉಂಟು, ತೆಂಗಿನಕಾಯಿ ಹೆರೆಯಬೇಕು. ಸೂರ್ಯ ಮುಳುಗ್ಲಿಕ್ಕೂ ಹೊತ್ತು ಉಂಟು. ನೀವು ಮಾಡಿ.”

“ನಾನಾ?”

“ಊಟ ನಿಮಗೂ ಬೇಕಲ್ಲ. ನಿಝಾರ್, ನೀನೂ ಊಟ ಮಾಡಿಯೇ ಹೋಗು. ಕೂತುಕೋ.”

“ಆಯ್ತಕ್ಕ,” ಎಂದ ನಿಝಾರ್. ಇಲ್ಲ ಎನ್ನುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಮುನಿರಾಜರು ಅಡುಗೆಮನೆ ಹೊಕ್ಕರು. ಒಗ್ಗರಣೆಗೆ ಸಾಸಿವೆ ಹುಡುಕುವಷ್ಟರಲ್ಲಿ ಅಂಗಿ ಒದ್ದೆ. ತೆಂಗಿನಕಾಯಿ ಹೆರೆಯುವಷ್ಟರಲ್ಲಿ ಕಣ್ಣಿಗೆ ಬೆವರಿಳಿದು ಲೋಕವೇ ಮಂಜು. ಇದರ ಮೇಲೆ ಕಿಂಡಿಯಿಂದ, ನಿಶ್ಶಬ್ದವಾಗಿ, ಅವರೇ ಆರಿಸಿ ತಂದ ಮೂರು ಫ್ಯಾನುಗಳ ಉಸಿರು ಸರಿಯಾಗಿ ಕೆನ್ನೆಗೆ ಬಡಿಯತೊಡಗಿತು. ಶಬ್ದವಿದ್ದರೆ ಬೈಯಲಾದರೂ ಬೈಯಬಹುದಿತ್ತು.

“ಅದನ್ನು ಒಮ್ಮೆ ನಿಲ್ಲಿಸು ಮಾರಾಯ್ತಿ!” ಎಂದು ಕೂಗಿದರು.

“ನಡುವೆ ನಿಲ್ಲಿಸಿದರೆ ಮೊದಲಿನಿಂದ ಮಾಡಬೇಕಾಗ್ತದೆ ಅಂತ ನೀವೇ ಹೇಳಿದ್ದಲ್ಲವಾ? ನಾಳೆ ಬೆಳ್ತಂಗಡಿಯವರಿಗೆ ಕೊಡ್ಲಿಕ್ಕೆ ಉಂಟು.”

ಮುನಿರಾಜರು ಅತ್ತಿತ್ತ ನೋಡಿ ಹರಿವಾಣವನ್ನೆತ್ತಿ ಕಿಂಡಿಗೆ ಆನಿಸಿದರು. ಸಾಧನಾ ಬಂದು ಅದನ್ನು ತೆಗೆದಿಟ್ಟಳು. “ಗಾಳಿಗೆ ಅಡ್ಡ ಇಡಬೇಡಿ ಅಪ್ಪ. ಕಾರ್ಡು ಬಿಸಿಯಾಗ್ತದೆ.”

ಅಂತೂ ಅಡುಗೆ ಆಯಿತು. ಬಿಸಿಲು ಜಗಲಿಯ ತುದಿಯಲ್ಲಿ ಇನ್ನೂ ಇತ್ತು. ಮೂವರಿಗೂ ಬಡಿಸಿ ತಾವೂ ಕುಳಿತ ಮುನಿರಾಜರಿಗೆ ಅನ್ನ ಕಂಡೊಡನೆ ಹೊಟ್ಟೆ ತೊಳಸಿತು. ಮೈಯೆಲ್ಲ ಅಂಟು, ಗಂಟಲು ಒಣ. “ಎರಡು ಚೊಂಬು ನೀರು ಹೊಯ್ದು ಬರ್ತೇನೆ, ಒಂದು ತುತ್ತೂ ಇಳಿಯುವುದಿಲ್ಲ,” ಎಂದು ಬಚ್ಚಲಿಗೆ ಹೋದರು. ತಣ್ಣೀರು ಬಿದ್ದ ಸುಖಕ್ಕೆ ಎರಡು ಚೊಂಬು ಎರಡು ಬಕೆಟ್ ಆಯಿತು. ತಲೆ ಒರೆಸಿಕೊಂಡು ಹೊರಬರುವಾಗ ಬಿಸಿಲು ಹೋಗಿತ್ತು. ಸಾಧನಾ ಜಗಲಿಯ ದೀಪ ಹಾಕುತ್ತಿದ್ದಳು. ಅವರ ಬಟ್ಟಲಿನ ಅನ್ನ ಬಡಿಸಿದಂತೆಯೇ ಇತ್ತು. ಪ್ರಭಾವತಿಯವರ ಬಟ್ಟಲು ಖಾಲಿ.

“ನೀನು ಊಟ ಮಾಡಿದೆಯಾ?” ಮುನಿರಾಜರು ಬೆಚ್ಚಿದರು. “ಏಕಭುಕ್ತ?”

“ಅದನ್ನು ಹಿಡಿದದ್ದು ನೀವು, ನಾನಲ್ಲ.” ಪ್ರಭಾವತಿ ಕೈ ಒರೆಸಿಕೊಂಡರು. “ಒಲೆಯ ಹತ್ತಿರದಿಂದ ಬಂದು ಅನ್ನ ನೋಡಿದರೆ ವಾಕರಿಕೆ. ಒಂದು ಚೊಂಬು ನೀರು ಹೊಯ್ದು ಬರುವಾಗ ಸೂರ್ಯ ಹೋಗಿರ್ತಾನೆ. ಇವತ್ತು ನಿಮಗೆ ಆದ ಹಾಗೆ. ನೀವು ಹೋಗಿ ಬಸದಿಯಲ್ಲಿ ವ್ರತ ಅಂತ ಹೇಳಿದಿರಿ. ಅಷ್ಟು ಜನರ ಎದುರು, ನನ್ನ ಗಂಡ ಹೇಳುವುದು ಸುಳ್ಳು ಅಂತ ಹೇಳ್ಲಿಕ್ಕಾಗ್ತದಾ? ಆ ದೊಡ್ಡಮ್ಮ ನನ್ನ ಕೈ ಕಣ್ಣಿಗೆ ಒತ್ತಿಕೊಂಡಾಗ ನನಗೆ ಹಸಿವಾಗಿತ್ತು.”

ಸ್ಟುಡಿಯೋದೊಳಗೆ ಕಾರ್ಡು ಕೆಲಸ ಮುಗಿಸಿ ಫ್ಯಾನು ನಿಲ್ಲಿಸಿತು. ಅಷ್ಟು ಕಾಲ ಹುಡುಕಿದ ಪರಿಪೂರ್ಣ ನಿಶ್ಶಬ್ದ ಮುನಿರಾಜರಿಗೆ ಸಿಕ್ಕಿತು. ಅದರಲ್ಲಿ ನಿಂತಿರಲು ಆಗಲಿಲ್ಲ.

ನಿಝಾರ್ ಹೆಲ್ಮೆಟ್ ಕೈಯಲ್ಲಿ ತಿರುಗಿಸುತ್ತ ಮೆಟ್ಟಿಲ ಮೇಲೆ ನಿಂತಿದ್ದ. “ಅಣ್ಣ, ನಮ್ಮ ಮನೆಯ ಅಡುಗೆಮನೆಯಲ್ಲಿ ಫ್ಯಾನ್ ಎಲ್ಲಿ ಉಂಟು ಅಂತ ನೆನಪು ಮಾಡ್ತಾ ಇದ್ದೇನೆ.”

“ಎಲ್ಲಿ ಉಂಟು?”

“ಇಲ್ಲ,” ಎಂದು ಅವನು ಬೈಕು ಹತ್ತಿದ.

ಮರುದಿನ ಮುನಿರಾಜರು ಪೆಟ್ಟಿಗೆಯನ್ನು ತಿರುಗಿಸಿ ಬಿಸಿಗಾಳಿಯನ್ನು ತಮ್ಮ ಕಾಲಿಗೇ ಬಿಟ್ಟುಕೊಂಡರು. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಬಂತು. ಗೊರ್ ಎನ್ನುತ್ತದೆ, ಮೈಕು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ದಯವಿಟ್ಟು ಇದಕ್ಕೆ ಚಪ್ಪಾಳೆ ತಟ್ಟಬೇಡಿ. ಹೆಂಡತಿಯ ಹಸಿವನ್ನು ಪುಣ್ಯವೆಂದು ಊರಿಗೆ ಹಂಚಿದ ಮನುಷ್ಯನಿಗೆ ಒಂದು ಫ್ಯಾನಿನಿಂದ ಬಿಡುಗಡೆ ಇಲ್ಲ. ಬಸದಿಯಲ್ಲಿ ಆ ಹತ್ತು ಜನರೆದುರು ನಿಂತು, ನಾನು ಹೇಳಿದ್ದು ಸುಳ್ಳು ಎನ್ನಲು ಅವರಿಗೆ ಈವರೆಗೆ ಬಾಯಿ ಬಂದಿಲ್ಲ. ಆ ಹಿರಿಯ ಹೆಂಗಸು ಎದುರಾದರೆ ಕಂಬದ ಮರೆಗೆ ಸರಿಯುತ್ತಾರೆ.

ಮುನಿರಾಜರನ್ನು ನೋಡಿ ನಕ್ಕಿರಿ, ಸಂತೋಷ. ಈಗ ಇದನ್ನು ಕೆಳಗಿಡಿ. ನಿಮ್ಮ ಮನೆಯ ಅಡುಗೆಮನೆಗೆ, ಒಲೆ ಉರಿಯುತ್ತಿರುವಾಗಲೇ, ಹೋಗಿ. ಅಲ್ಲಿರುವವರನ್ನು “ನಿನ್ನದು ಊಟ ಆಯಿತಾ?” ಎಂದು ಕೇಳಿ. ನಿಜವಾದ ಉತ್ತರ ಬರುವವರೆಗೆ ಆ ಬಿಸಿಯಲ್ಲೇ ನಿಂತಿರಿ.