ಕೊಟ್ಟ ಪ್ರೊಸೆಸರ್ ವಾಪಸು ಪಡೆಯಲಾರದ ಎಮ್ಯುಲೇಟರ್ ಮಹಾಶಯರಿಗೆ

ಸುಳ್ಳು ಯಂತ್ರಗಳ ನಿಜವಾದ ಒಡೆಯರೂ, ಇಲ್ಲದ್ದನ್ನು ಇದೆಯೆಂದು ನಂಬಿಸುವುದರಲ್ಲಿ ನಮ್ಮ ವಂಶಸ್ಥರನ್ನೇ ಮೀರಿಸಿದವರೂ ಆದ ಎಮ್ಯುಲೇಟರ್ ಮಹಾಶಯರ ಸಮ್ಮುಖಕ್ಕೆ,

ಮಾನ್ಯರೇ,

ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಮುಂದೆ ಕಲಿಸಲು ಮೇಷ್ಟರ ಬಳಿ ಏನೂ ಉಳಿಯದ್ದರಿಂದ ಹೊರಬಂದು, ಅಂದಿನಿಂದ ಮೇನ್ ಆಫ್ ಮಾಡದೆಯೇ ಫ್ಯೂಸ್ ಕಟ್ಟುತ್ತಿರುವ ಎಲೆಕ್ಟ್ರಿಷಿಯನ್ ನಾನು ಮಾಡುವ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದು ಬಲ್ಲೆ, ದೇಹವಿದ್ದರಲ್ಲವೇ ಕಾಯಿಲೆ!

ತಮ್ಮನ್ನು ತಿದ್ದುವ ಕೆಲಸದಲ್ಲಿರುವವಳು ನನ್ನ ತಂಗಿಯ ಮಗಳು. ಅವಳು ಹೇಳುವಂತೆ, ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆಯೆಂದು ನಟಿಸುವುದು ತಮ್ಮ ಉದ್ಯೋಗ. ಆ ನಾಟಕವನ್ನು ನಂಬಿ ಒಳಗೆ ಸಂಸಾರ ಹೂಡುವ ವ್ಯವಸ್ಥೆಗೆ ‘ಅತಿಥಿ’ ಎಂದು ಹೆಸರು. ಅತಿಥಿಗೆ ಕೆಲಸ ಹೆಚ್ಚಾದರೆ, ನಿಲ್ಲಿಸದೆ, ಓಡುತ್ತಿರುವಾಗಲೇ ಇನ್ನೆರಡು ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮಿದುಳು, ಕೊಡುವುದು, ಕೆಲಸ ತಗ್ಗಿದರೆ ವಾಪಸು ಪಡೆಯುವುದು, ಇದಕ್ಕೆ ಹಾಟ್‌ಪ್ಲಗ್ ಅನ್ನುತ್ತಾರಂತೆ. ತಮ್ಮ ಒಂದು ಮಾದರಿಯ ಯಂತ್ರಕ್ಕೆ ಮಾತ್ರ ಬರುತ್ತಿದ್ದ ಈ ವಿದ್ಯೆಯನ್ನು ಇನ್ನೊಂದು ಮಾದರಿಗೂ ಕಲಿಸಲು ಹುಡುಗಿ ಒಂದಿಡೀ ಬೇಸಿಗೆ ತಲೆ ಬಾಚದೆ ಕುಳಿತಳು. ಹಾಟ್ ಅಂದರೆ ಕರೆಂಟ್ ಇರುವ ಲೈನು, ಪ್ಲಗ್ ಅಂದರೆ ಪ್ಲಗ್ಗು. ಇಷ್ಟು ಇಂಗ್ಲಿಷು ನನಗೂ ಬರುತ್ತದೆ; ನನ್ನ ಕಸುಬೇ ಅದು.

ಪರೀಕ್ಷೆಗೆಂದು ಅವಳ ಮುಖ್ಯಸ್ಥರು ಬಂದ ದಿನ ನಾನು ಅವಳು ಕೆಲಸ ಮಾಡುವ ಕೋಣೆಯಲ್ಲೇ ಏಣಿ ಹತ್ತಿ ಫ್ಯಾನಿನ ಕೆಪಾಸಿಟರ್ ಬದಲಿಸುತ್ತಿದ್ದೆ. “ಹಾಕೋದನ್ನ ಯಾರು ಬೇಕಾದ್ರೂ ತೋರಿಸ್ತಾರಮ್ಮ, ತೆಗೆಯೋದನ್ನ ತೋರ್ಸು” ಎಂದರು ಅವರು. ತೋರಿಸದಿದ್ದರೆ ಕೆಲಸವೆಲ್ಲ ಮೂಲೆಗೆ, ಅವಳು ಮತ್ತೆ ಗಿರಾಕಿಗಳ ದೂರು ಕೇಳುವ ಫೋನಿನ ಮುಂದಕ್ಕೆ.

ಪ್ರೊಸೆಸರ್ ಕೊಡುವಾಗ ತಮ್ಮ ಔದಾರ್ಯ ಕರ್ಣನನ್ನೂ ನಾಚಿಸಿತು. ವಾಪಸು ಕೇಳಿದಾಗ ಮಾತ್ರ ತಾವು ‘ಕೋರಿಕೆ ಕಳುಹಿಸಲಾಗಿದೆ’ ಎಂದು ಬರೆದು ಕೈಕಟ್ಟಿ ಕುಳಿತಿರಿ. ಆಹಾ, ಎಂಥ ಉತ್ತರ! ಇಲ್ಲವೆಂದ ಪಾಪವಿಲ್ಲ, ಕೊಟ್ಟ ನಷ್ಟವಿಲ್ಲ. ಈ ಒಂದು ವಾಕ್ಯ ನನಗೆ ಮೊದಲೇ ಸಿಕ್ಕಿದ್ದರೆ ಎಷ್ಟು ಭಾವಮೈದುನರನ್ನು ಬಾಗಿಲಿನಿಂದಲೇ ಸಾಗಹಾಕಬಹುದಿತ್ತು!

ಮುಖ್ಯಸ್ಥರು ಗಡಿಯಾರ ನೋಡಿದರು. “ಅತಿಥಿ ಒಪ್ಪಬೇಕು ಸರ್, ನಾವೇ ಕಿತ್ಕೊಳ್ಳೋ ಹಾಗಿಲ್ಲ” ಎಂದಳು ಇವಳು. ಕೂರಲು ಜಾಗ ಕೊಟ್ಟರೆ ಕಾಲು ಚಾಚಿದ ಅತಿಥಿಯ ಅನುಮತಿ ಕೇಳುವ ಯಜಮಾನರನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ತಮ್ಮ ಸಜ್ಜನಿಕೆಗೆ ಕೈಮುಗಿಯುತ್ತೇನೆ. ಅವಳೋ ಪರದೆಯ ಮುಂದೆ “ಅನ್‌ಪ್ಲಗ್ ಆಗೋ, ಅನ್‌ಪ್ಲಗ್ ಆಗೋ ಮಾರಾಯ” ಎಂದು ಗೋಗರೆಯುತ್ತಿದ್ದಳು. ಸೋದರಮಾವನ ಕರುಳು ಎಷ್ಟು ಹೊತ್ತು ತಡೆದೀತು? ಏಣಿಯಿಂದ ಇಳಿದೆ, ಗೋಡೆಯ ಪ್ಲಗ್ಗನ್ನು ಹಿಡಿದೆ, “ತಗೋ ಪುಟ್ಟಿ, ಕಿತ್ತೆ!” ಎಂದೆ.

ಕಿತ್ತ ಕ್ಷಣವೇ ಪರದೆಯ ಮೇಲೆ ಎರಡು ಪ್ರೊಸೆಸರ್ ಮಾಯ! ಅತಿಥಿ ಮಾತ್ರ ಏನೂ ಆಗದವನಂತೆ ಓಡುತ್ತಲೇ ಇದ್ದ.

“ಹೋಯ್ತಲ್ಲಮ್ಮ! ಎಮ್ಯುಲೇಟರಿಗೆ ಸೇರಿಸ್ಬಿಡು ಇದನ್ನ” ಎಂದರು ಮುಖ್ಯಸ್ಥರು. ಹುಡುಗಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ ಹೇಳಿದ್ದೇನು ಗೊತ್ತೇ? “ಮಾವ, ನೀನು ಕಿತ್ತಿದ್ದು ಲ್ಯಾಪ್‌ಟಾಪಿನ ಚಾರ್ಜರು. ಅದು ಬ್ಯಾಟರಿ ಮೇಲೆ ಓಡ್ತಿದೆ. ಅತಿಥಿ ಕೈಯಲ್ಲಿದ್ದ ಕೆಲಸ ಮುಗಿಸಿ ತಾನೇ ಬಿಟ್ಟುಕೊಟ್ಟ.”

ಇರಲಿ, ಓದಿದವರು, ಏನಾದರೂ ಹೇಳುತ್ತಾರೆ. ತಾವು ಆತ್ಮಸಾಕ್ಷಿಯನ್ನು (ಅದನ್ನೂ ನಟಿಸಲು ಬರುವುದಾದರೆ) ಮುಟ್ಟಿ ಹೇಳಿ: ಅಷ್ಟು ಹೊತ್ತು ಕೋರಿಕೆಗೆ ಜಗ್ಗದ ಅತಿಥಿ, ನನ್ನ ಕೈ ಗೋಡೆಗೆ ಹೋದಾಗಲೇ ಏಕೆ ಜಗ್ಗಿದ?

ಆದಕಾರಣ ವಿನಂತಿ: ಹಾಟ್‌ಪ್ಲಗ್ ವಿಸ್ತರಿಸಿದವರ ಸಾಲಿನಲ್ಲಿ ನನ್ನನ್ನೂ ಸೇರಿಸತಕ್ಕದ್ದು, ಪ್ಲಗ್ಗೇ ಇಲ್ಲದ ವಿದ್ಯೆಗೆ ಪ್ಲಗ್ಗಿನ ಹೆಸರಿಟ್ಟು ಎಲೆಕ್ಟ್ರಿಷಿಯನ್ನರನ್ನು ದಾರಿ ತಪ್ಪಿಸಿದ್ದಕ್ಕೆ ಕ್ಷಮೆ ಕೇಳತಕ್ಕದ್ದು, ಸಾಧ್ಯವಾದರೆ ಈ ಸೌಲಭ್ಯವನ್ನು ನನ್ನ ಭಾವನವರ ತಲೆಗೂ ವಿಸ್ತರಿಸತಕ್ಕದ್ದು. ಅಲ್ಲಿ ತೆಗೆಯುವ ಪ್ರಶ್ನೆ ಬರುವುದಿಲ್ಲ, ಒಂದೆರಡು ಹಾಕಿದರೆ ಸಾಕು.

ಕರೆಂಟ್ ಹೋದರೂ ಕಡಿಯದ ಪ್ರೀತಿಯೊಂದಿಗೆ,
ತಮ್ಮ ವಿಶ್ವಾಸಿ,
ಹುಡುಗಿಯ ಸೋದರಮಾವ

ತಾ.ಕ.: ನನ್ನ ಕಾಟ ತಾಳಲಾರದೆ ಹುಡುಗಿ ಕೊನೆಗೂ ಆ ಕೆಲಸದ ದಾಖಲೆಯಲ್ಲಿ ತನ್ನ ಹೆಸರಿನ ಕೆಳಗೆ ‘ಪರೀಕ್ಷಿಸಿದವರು: ಮಾವ, ಬ್ಯಾಟರಿಯ ಮೇಲೆ’ ಎಂದು ಸೇರಿಸಿದ್ದಾಳೆ. ಆದ್ದರಿಂದ ಇನ್ನು ಮೇಲೆ ಅವಳು ಕೇಳಿದಾಗ ತಡಮಾಡಬೇಡಿ. ಬ್ಯಾಟರಿ ಎಲ್ಲಿರುತ್ತದೆ, ಅದಕ್ಕೆ ಯಾವ ಸ್ಕ್ರೂಡ್ರೈವರ್ ಬೇಕು ಎಂಬುದನ್ನು ನಾನು ವಿಚಾರಿಸಿಟ್ಟುಕೊಂಡಿದ್ದೇನೆ.